ಹೊಗೆ ಇಲ್ಲದ ಕರೆಂಟಿಗೂ ಲೆಕ್ಕ ಬೇಕು: ಪಾವಗಡದ ಸೋಲಾರ್ ಪಾರ್ಕ್ ಇಟ್ಟುಕೊಂಡು ಒಂದು ವಿವರಣೆ

ಬೆಂಗಳೂರಿನಲ್ಲಿ 20,000 ಚದರ ಮೀಟರ್ ಬಿಲ್ಟ್‌ಅಪ್ ಏರಿಯಾದ ಒಂದು ಅಪಾರ್ಟ್‌ಮೆಂಟ್ ಕಟ್ಟಬೇಕು ಅಂದರೆ ಬಿಲ್ಡರ್ ಮೊದಲು ಪರಿಸರ ಅನುಮತಿ ತರಬೇಕು. ನೀರು ಎಲ್ಲಿಂದ ತರುತ್ತೀರಿ, ಕೊಳಚೆ ಎಲ್ಲಿಗೆ ಬಿಡುತ್ತೀರಿ, ಎಷ್ಟು ಮರ ಕಡಿಯುತ್ತೀರಿ ಅಂತೆಲ್ಲ ಬರೆದುಕೊಡಬೇಕು. ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆ ಹರಡಿಕೊಂಡಿರುವ ಸೋಲಾರ್ ಪಾರ್ಕ್‌ಗೆ ಈ ಅನುಮತಿ ಬೇಕಾಗಲಿಲ್ಲ. ಯಾರೋ ಕಣ್ಣು ತಪ್ಪಿಸಿ ಮಾಡಿದ್ದಲ್ಲ ಇದು. ಕಾನೂನೇ ಹಾಗಿದೆ.

ಯಾವ ಯೋಜನೆಗೆ ಪರಿಸರ ಅನುಮತಿ ಬೇಕು ಅನ್ನುವುದಕ್ಕೆ ಕೇಂದ್ರ ಸರ್ಕಾರದ 2006ರ ಅಧಿಸೂಚನೆಯಲ್ಲಿ ಒಂದು ಪಟ್ಟಿ ಇದೆ. ಗಣಿ, ಅಣೆಕಟ್ಟು, ಕಲ್ಲಿದ್ದಲು ಸ್ಥಾವರ, ಸಿಮೆಂಟ್ ಕಾರ್ಖಾನೆ, ಹೆದ್ದಾರಿ, ದೊಡ್ಡ ಕಟ್ಟಡ ಎಲ್ಲ ಅದರಲ್ಲಿವೆ. ಸೋಲಾರ್ ಇಲ್ಲ. ಇಲ್ಲ ಅನ್ನುವುದನ್ನು ಪರಿಸರ ಸಚಿವಾಲಯ 2011ರಲ್ಲಿ ಒಮ್ಮೆ, 2017ರಲ್ಲಿ ಮತ್ತೊಮ್ಮೆ ಬಿಡಿಸಿ ಹೇಳಿತು. ಎರಡನೇ ಸಲ ಸೋಲಾರ್ ಪಾರ್ಕ್‌ಗಳನ್ನೂ ಸೇರಿಸಿಯೇ ಹೇಳಿತು. ನಡುವೆ 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಉದ್ದಿಮೆಗಳನ್ನು ಕೆಂಪು, ಕಿತ್ತಳೆ, ಹಸಿರು, ಬಿಳಿ ಅಂತ ವಿಂಗಡಿಸಿದಾಗ ಸೋಲಾರ್ ಬಿಳಿ ಗುಂಪಿಗೆ ಬಂತು. ಬಿಳಿ ಅಂದರೆ ಮಾಲಿನ್ಯ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಮಂಡಳಿಗೆ ತಿಳಿಸಿದರೆ ಸಾಕು. ಅರಣ್ಯ ಭೂಮಿ ಮುಟ್ಟಿದರೆ ಅರಣ್ಯ ಕಾನೂನು ಬರುತ್ತದೆ, ಅಭಯಾರಣ್ಯದ ಪಕ್ಕ ಹೋದರೆ ವನ್ಯಜೀವಿ ಕಾನೂನು ಬರುತ್ತದೆ. ಅದು ಬಿಟ್ಟರೆ ದಾರಿ ಸಲೀಸು. ಪರಿಸರ ಅನುಮತಿ ಇಲ್ಲದಿದ್ದ ಮೇಲೆ ಅದರ ಜೊತೆ ಬರಬೇಕಾದ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ.

ಈ ವಿನಾಯಿತಿಯ ಹಿಂದಿನ ಯೋಚನೆ ಪೂರ್ತಿ ತಪ್ಪು ಅಂತ ನಾನು ಹೇಳಲಾರೆ. ನಮ್ಮ ಮಾಲಿನ್ಯದ ಕಾನೂನುಗಳು ಹುಟ್ಟಿದ್ದೇ ಚಿಮಣಿ ಮತ್ತು ಕೊಳವೆಯನ್ನು ನೋಡಿಕೊಂಡು. ಮೇಲಿಂದ ಏನು ಬಿಡುತ್ತೀಯ, ಕೆಳಗಿಂದ ಏನು ಬಿಡುತ್ತೀಯ, ಇಷ್ಟೇ ಪ್ರಶ್ನೆ. ಸೋಲಾರ್ ಪ್ಯಾನಲ್ ಎರಡನ್ನೂ ಬಿಡುವುದಿಲ್ಲ, ಸುಮ್ನೆ ಬಿಸಿಲಿಗೆ ಮೈಯೊಡ್ಡಿ ಮಲಗಿರುತ್ತದೆ. ಆದರೆ ಅದು ಮಲಗುವುದಕ್ಕೆ ಬೇಕಾಗುವ ಜಾಗ ಇದೆಯಲ್ಲ, ತೊಂದರೆ ಇರುವುದು ಅಲ್ಲಿ. ಹೊಗೆ ಹುಡುಕುವ ಕಣ್ಣಿಗೆ ಜಾಗ ಕಾಣುವುದಿಲ್ಲ.

ಪಾವಗಡದ ಲೆಕ್ಕ ಮೊದಲು ನೋಡಿಬಿಡೋಣ. ತುಮಕೂರು ಜಿಲ್ಲೆಯ ಈ ತಾಲ್ಲೂಕನ್ನು ಬಹುಪಾಲು ಎಲ್ಲ ಕಡೆಯಿಂದ ಆಂಧ್ರ ಸುತ್ತುವರಿದಿದೆ. ಮಳೆ ಕಡಿಮೆ, ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಮಳೆ ಬಂದ ವರ್ಷ ಕಡ್ಲೇಕಾಯಿ, ಬರದಿದ್ದ ವರ್ಷ ಬೆಂಗಳೂರಿನ ಬಸ್ಸು. ಇಲ್ಲಿ ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಅನ್ನುವ ಐದು ಹಳ್ಳಿಗಳ ಜಮೀನಿನಲ್ಲಿ ಪಾರ್ಕ್ ಬಂತು. 2018ರ ಮಾರ್ಚ್‌ನಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ತಿ 2050 ಮೆಗಾವ್ಯಾಟ್. ಭೂಮಿಯನ್ನು ರೈತರಿಂದ ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ, 28 ವರ್ಷದ ಕರಾರು. ಭೂಸ್ವಾಧೀನ ಅಂದರೆ ಪೊಲೀಸ್ ಜೀಪು ಅಂತಲೇ ಅರ್ಥವಾಗಿದ್ದ ಕಾಲದಲ್ಲಿ ಇದು ದೊಡ್ಡ ಬದಲಾವಣೆಯೇ. ಜಮೀನಿನ ಯಜಮಾನಿಕೆ ರೈತರ ಹೆಸರಲ್ಲೇ ಉಳಿಯಿತು.

ಇನ್ನು ಇಂಗಾಲದ ಲೆಕ್ಕ. ಇದನ್ನು ಬೇಗ ಮುಗಿಸಬಹುದು, ಯಾಕಂದರೆ ಇದರಲ್ಲಿ ಸೋಲಾರ್ ಗೆದ್ದಾಗಿದೆ. ಪ್ಯಾನಲ್ ತಯಾರಿಸುವುದು, ಸಾಗಿಸುವುದು, ಕಂಬ ನೆಡುವುದು ಎಲ್ಲ ಸೇರಿಸಿದರೂ ಒಂದು ಯೂನಿಟ್ ಸೋಲಾರ್ ಕರೆಂಟಿಗೆ 50 ಗ್ರಾಂ ಆಸುಪಾಸು ಇಂಗಾಲದ ಡೈ ಆಕ್ಸೈಡ್ ಬರುತ್ತದೆ. ಕಲ್ಲಿದ್ದಲಿಗೆ 800 ಗ್ರಾಂ ಮೇಲೆಯೇ. ಪಾವಗಡದಂಥ ಬಿಸಿಲಲ್ಲಿ 2050 ಮೆಗಾವ್ಯಾಟ್ ಅಂದರೆ ವರ್ಷಕ್ಕೆ ಹೆಚ್ಚುಕಡಿಮೆ 400 ಕೋಟಿ ಯೂನಿಟ್. ನಮ್ಮ ದೇಶದ ಗ್ರಿಡ್‌ನಲ್ಲಿ ಯೂನಿಟ್‌ಗೆ ಸರಾಸರಿ 700 ಗ್ರಾಂ ಅಂತ ಹಿಡಿದರೆ ವರ್ಷಕ್ಕೆ 25 ಲಕ್ಷ ಟನ್‌ಗೂ ಜಾಸ್ತಿ ಉಳಿತಾಯ. ಪ್ಯಾನಲ್ ಮಾಡಲು ಖರ್ಚಾದ ಶಕ್ತಿ ಒಂದೆರಡು ವರ್ಷದೊಳಗೆ ವಾಪಸ್ ಬರುತ್ತದೆ, ಆಮೇಲೆ ಇಪ್ಪತ್ತು ವರ್ಷಕ್ಕೂ ಮೀರಿ ಲಾಭವೇ. ಸೋಲಾರ್ ಎಲ್ಲ ಮೋಸ, ಕಲ್ಲಿದ್ದಲೇ ವಾಸಿ ಅಂತ ವಾಟ್ಸ್ಯಾಪ್‌ನಲ್ಲಿ ಬರುವ ಸಂದೇಶಗಳನ್ನು ಕಲ್ಲಿದ್ದಲು ಸ್ಥಾವರ ಇರುವ ರಾಯಚೂರಿನ ಶಕ್ತಿನಗರದ ಸುತ್ತ ಹಾರುಬೂದಿಯ ಜೊತೆ ಬದುಕುವವರಿಗೆ ಒಮ್ಮೆ ಓದಿ ಹೇಳಿ ನೋಡಿ.

ಆದರೆ ಇಂಗಾಲ ಇಡೀ ಭೂಮಿಯ ಲೆಕ್ಕ. ಉಳಿದ ಲೆಕ್ಕಗಳೆಲ್ಲ ಊರಿನವು. ಇಡೀ ಭೂಮಿಗೆ ಆದ ಲಾಭದಲ್ಲಿ ಒಂದು ಊರಿನ ನಷ್ಟವನ್ನು ಕಳೆದು ಉತ್ತರ ಬರೆಯುವುದಕ್ಕೆ ಆಗುವುದಿಲ್ಲ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು. ಪರಿಣಾಮ ಅಳೆಯುವ ಕೆಲಸ ಕೆಡುವುದು ಸಾಮಾನ್ಯವಾಗಿ ಇಲ್ಲೇ.

ಅದರಲ್ಲೂ ಯಾವುದರ ಜೊತೆ ಹೋಲಿಸುತ್ತೀರಿ ಅನ್ನುವುದರ ಮೇಲೆ ಉತ್ತರವೇ ಬದಲಾಗುತ್ತದೆ. ನೀರನ್ನೇ ತಗೊಳ್ಳಿ. ಪ್ಯಾನಲ್ ಮೇಲೆ ಧೂಳು ಕೂತರೆ ಕರೆಂಟು ಕಡಿಮೆ, ಹಾಗಾಗಿ ತೊಳೆಯಬೇಕು. ಪಾರ್ಕ್ ಕಟ್ಟುವ ಕಾಲಕ್ಕೆ ಸಾಮಾನ್ಯವಾಗಿದ್ದ 330 ವ್ಯಾಟ್‌ನ ಪ್ಯಾನಲ್ ಅಂತ ಇಟ್ಟುಕೊಂಡರೆ ಸುಮಾರು 62 ಲಕ್ಷ ಪ್ಯಾನಲ್. ಒಂದಕ್ಕೆ ಎರಡು ಲೀಟರ್, ವರ್ಷಕ್ಕೆ ಇಪ್ಪತ್ತು ಸಲ ತೊಳೆಯುತ್ತಾರೆ ಅಂತ ಇಟ್ಟುಕೊಳ್ಳೋಣ. ಇವು ನಾನು ಲೆಕ್ಕಕ್ಕಾಗಿ ಹಿಡಿದ ಸಂಖ್ಯೆಗಳು, ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಒಟ್ಟು ಸುಮಾರು 25 ಕೋಟಿ ಲೀಟರ್ ಆಯಿತು.

ಈ 25 ಕೋಟಿ ಲೀಟರ್ ಜಾಸ್ತಿಯೋ ಕಡಿಮೆಯೋ? ಕಂಪನಿ ಕಡೆಯವರು ಹೇಳುತ್ತಾರೆ: ಒಂದು ಎಕರೆ ಭತ್ತಕ್ಕೆ ಒಂದು ಬೆಳೆಗೆ ಸುಮಾರು 50 ಲಕ್ಷ ಲೀಟರ್ ನೀರು ಬೇಕು, ಅಂದರೆ 13,000 ಎಕರೆಯ ಇಡೀ ಪಾರ್ಕ್ ಕುಡಿಯುವ ನೀರಲ್ಲಿ 50 ಎಕರೆ ಗದ್ದೆ ನಾಟಿ ಮಾಡಬಹುದು, ಅಷ್ಟೇ. ನಿಜ. ವಿರೋಧಿಸುವವರು ಹೇಳುತ್ತಾರೆ: ವರ್ಷಕ್ಕೆ 5,000 ಲೀಟರ್‌ನ 50,000 ಟ್ಯಾಂಕರ್ ನೀರು, ಅದೂ ಬರದ ತಾಲ್ಲೂಕಿನಲ್ಲಿ! ಅದೂ ನಿಜ. ಮೂರನೆಯವರು ಬಂದು ಇದು ಹಳ್ಳಿಯ 12,000 ಜನ ಇಡೀ ವರ್ಷ ತಲೆಗೆ ದಿನಕ್ಕೆ 55 ಲೀಟರ್‌ನಂತೆ ಬಳಸುವ ನೀರು ಅಂದರೆ ಅದೂ ಸರಿಯೇ. ಒಂದೇ ಸಂಖ್ಯೆ, ಮೂರು ಮುಖ. ಯಾರೂ ಸುಳ್ಳು ಹೇಳಿಲ್ಲ, ಯಾರಿಂದಲೂ ನಮಗೆ ಬೇಕಾದ ವಿಷಯ ಸಿಕ್ಕಿಲ್ಲ.

ನಿಜವಾಗಿ ಬೇಕಾಗಿರುವುದು ಒಟ್ಟು ಮೊತ್ತವಲ್ಲ. ಯಾವ ಬೋರ್‌ವೆಲ್‌ನಿಂದ, ಯಾವ ತಿಂಗಳಲ್ಲಿ, ಎಷ್ಟು ಆಳದಿಂದ ಅನ್ನುವುದು. ಧೂಳು ಜಾಸ್ತಿ ಕೂರುವುದು ಬೇಸಿಗೆಯಲ್ಲಿ, ಬೋರ್‌ವೆಲ್ ಒಣಗುವುದೂ ಬೇಸಿಗೆಯಲ್ಲಿ. ಪಕ್ಕದ ಊರಿನ ಕುಡಿಯುವ ನೀರಿನ ಬೋರ್ ಇರುವ ಬಂಡೆಯ ಬಿರುಕಿನಿಂದಲೇ ಪಾರ್ಕ್‌ನ ಬೋರ್ ಕೂಡ ಎಳೆಯುತ್ತಿದ್ದರೆ 50 ಎಕರೆ ಭತ್ತದ ಹೋಲಿಕೆ ಕೊಡಪಾನ ಹಿಡಿದು ನಿಂತವರಿಗೆ ಏನು ಪ್ರಯೋಜನ? ಇನ್ನೊಂದು ಸಣ್ಣ ವಿಷಯವೂ ಇದೆ. ಗಡಸು ನೀರನ್ನು ಗಾಜಿನ ಮೇಲೆ ಹಾಕಿ ಬಿಸಿಲಿಗೆ ಬಿಟ್ಟರೆ ಬಿಳಿ ಕಲೆ ಉಳಿಯುತ್ತದೆ, ಮನೆಯ ಬಾತ್‌ರೂಮ್ ನಲ್ಲಿಯ ಮೇಲೆ ನೋಡಿರುತ್ತೀರಿ. ಪ್ಯಾನಲ್ ಮೇಲೆ ಆ ಕಲೆ ಆಗಬಾರದು ಅಂದರೆ ಆರ್‌ಒ ಘಟಕ ಹಾಕಬೇಕು. ಆರ್‌ಒ ಹಾಕಿದರೆ ಎತ್ತಿದ ನೀರಿನಲ್ಲಿ ಒಂದು ಪಾಲು ಉಪ್ಪು, ಫ್ಲೋರೈಡ್ ಎಲ್ಲ ಸೇರಿದ ಗಟ್ಟಿ ನೀರಾಗಿ ಹೊರಗೆ ಬರುತ್ತದೆ. ಹಾಗಾದರೆ ಎತ್ತಿದ್ದು 25 ಕೋಟಿಗಿಂತ ಜಾಸ್ತಿಯಾಯಿತು, ಹೊರಗೆ ಬಂದದ್ದನ್ನು ಎಲ್ಲಿ ಬಿಟ್ಟರು ಅನ್ನುವ ಹೊಸ ಪ್ರಶ್ನೆಯೂ ಹುಟ್ಟಿತು. ನೀರಿಲ್ಲದೆ ಬ್ರಷ್‌ನಿಂದ ಒರೆಸುವ ರೋಬೋಟ್‌ಗಳು ಬಂದಿವೆ, ಹೊಸ ಯೋಜನೆಗಳಲ್ಲಿ ಬಳಸುತ್ತಿದ್ದಾರೆ ಕೂಡ. ಒಳ್ಳೆಯದೇ. ಒಳ್ಳೆಯ ಪರಿಣಾಮ ಅಂದಾಜು ವರದಿಯ ಕೆಲಸ ಅಂದರೆ ಇಂಥ ಆಯ್ಕೆಯನ್ನು ಟೆಂಡರ್ ಕರೆಯುವ ಮೊದಲೇ ಕರಾರಿನೊಳಗೆ ತಂದು ಕೂರಿಸುವುದು.

ಈಗ ಜಾಗದ ವಿಷಯಕ್ಕೆ ಬರೋಣ, ನನ್ನ ಪ್ರಕಾರ ಅಸಲಿ ಜಗಳ ಇದೇ. ಸೋಲಾರ್‌ಗೆ ಜಾಗ ಹುಡುಕುವ ಅಧಿಕಾರಿ ಮೊದಲು ನೋಡುವುದು ಕಂದಾಯ ಇಲಾಖೆಯ ದಾಖಲೆ ಮತ್ತು ಕೇಂದ್ರ ಸರ್ಕಾರದ ಬಂಜರು ಭೂಮಿ ನಕ್ಷೆ. ಎರಡರಲ್ಲೂ ಬೆಳೆ ಇಲ್ಲದ, ಕಂದಾಯ ಬರದ, ಕಾಡೂ ಅಲ್ಲದ ಜಾಗ ಒಂದೇ ಬುಟ್ಟಿಗೆ ಬೀಳುತ್ತದೆ. ಕಲ್ಲು ಗುಡ್ಡ, ಕುರುಚಲು, ಹುಲ್ಲುಗಾವಲು, ಗೋಮಾಳ, ಕಾವಲು ಎಲ್ಲ. ಕಂದಾಯ ವಸೂಲಿ ಮಾಡುವವನ ಕಣ್ಣಲ್ಲಿ ಅದು ಸರಿ ಇರಬಹುದು. ಪರಿಸರದ ಕಣ್ಣಲ್ಲಿ ನೋಡಿದರೆ ನಮ್ಮ ಬಯಲುಸೀಮೆಯ ಕೃಷ್ಣಮೃಗ, ತೋಳ, ನರಿ, ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳು ಬದುಕುವುದೇ ಅಲ್ಲಿ. ಪಾವಗಡದ ಪಕ್ಕದ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಇದೆ. ಬೇಲಿ ಹಾಕಿ ಕಾಪಾಡಿದ ಆ ಚೂರು ಜಾಗ ಬಿಟ್ಟರೆ ಉಳಿದ ಕಡೆ ಜಿಂಕೆ ಓಡಾಡುವುದು ರೈತರ ಹೊಲ ಮತ್ತು ಸರ್ಕಾರದ ಬಂಜರಿನಲ್ಲೇ.

ಚಳ್ಳಕೆರೆಯ ಕಥೆ ನೆನಪಿರಬಹುದು. ಪಾವಗಡದಿಂದ ದೂರವೇನಲ್ಲ. ಅಮೃತಮಹಲ್ ತಳಿಯ ದನಗಳ ಮೇವಿಗೆ ಅಂತ ಬಿಟ್ಟಿದ್ದ ಅಲ್ಲಿಯ ಕಾವಲಿನ ಸುಮಾರು 10,000 ಎಕರೆಯನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಾಗ ಒಂದು ಖಾಸಗಿ ಸೋಲಾರ್ ಕಂಪನಿಗೂ ಅದರಲ್ಲಿ ಪಾಲು ಸಿಕ್ಕಿತು. ಕಾಗದದ ಮೇಲೆ ಖಾಲಿ ಹುಲ್ಲುಗಾವಲು. ನೆಲದ ಮೇಲೆ ಸುತ್ತಲಿನ ಹಳ್ಳಿಗಳ ದನ, ಕುರಿ ಮೇಯುವ ಜಾಗ, ಕುರಿ ಇದ್ದರೆ ಉಣ್ಣೆ, ಉಣ್ಣೆ ಇದ್ದರೆ ಕಂಬಳಿ. ಜನ ಬೀದಿಗೆ ಬಂದರು, ಪ್ರಕರಣ ಹಸಿರು ನ್ಯಾಯಮಂಡಳಿಗೆ ಹೋಯಿತು. ಅಷ್ಟರಲ್ಲಿ ಬೇಲಿ, ಗೋಡೆ ಎದ್ದಾಗಿತ್ತು.

ಪಾವಗಡದಲ್ಲಿ ಜಮೀನು ಹೆಚ್ಚಾಗಿ ರೈತರದ್ದು, ಬಾಡಿಗೆಯೂ ಬರುತ್ತಿದೆ, ಹಾಗಾಗಿ ಅಲ್ಲಿ ಈ ಸಮಸ್ಯೆ ಇಲ್ಲ ಅನ್ನಬಹುದು. ಒಂದು ಹೊಲವನ್ನು ಹತ್ತಿರದಿಂದ ನೋಡಿ. ಕಡ್ಲೇಕಾಯಿ ಕಿತ್ತಾದ ಮೇಲೆ ಆ ಹೊಲ ಪಹಣಿಯಲ್ಲಿ ಒಬ್ಬರ ಹೆಸರಲ್ಲಿದ್ದರೂ ಬಳಕೆಯಲ್ಲಿ ಊರಿನದು. ಗೊಲ್ಲರ ಹಟ್ಟಿಯ ಕುರಿಗಳು ಬರುತ್ತವೆ, ಕೂಳೆ ಮೇಯುತ್ತವೆ, ಬದುವಿನ ಹುಲ್ಲು ಮೇಯುತ್ತವೆ. ರಾತ್ರಿ ಮಂದೆ ಅಲ್ಲೇ ತರುಬುತ್ತಾರೆ. ಗೊಬ್ಬರ ಹೊಲಕ್ಕೆ, ಅದಕ್ಕೆ ಹೊಲದವರು ಕುರಿಯವರಿಗೆ ಕಾಳೋ ಕಾಸೋ ಕೊಡುತ್ತಾರೆ. ಬದುವಿನ ಹುಣಸೆ, ಬೇವು, ಹೊಂಗೆಯಿಂದ ಯಾರೋ ಒಂದಷ್ಟು ಕಾಯಿ, ಬೀಜ ಆಯುತ್ತಾರೆ. ಕಳೆ ಕೀಳುವ, ಕಾಯಿ ಬಿಡಿಸುವ ಕೂಲಿ ಹೆಚ್ಚಾಗಿ ಹೆಂಗಸರದು. ಈ ಯಾವುದಕ್ಕೂ ಪಹಣಿಯಲ್ಲಿ ಕಾಲಂ ಇಲ್ಲ. ಪಾರ್ಕ್ ಬಂದು ಬೇಲಿ ಹಾಕಿದ ದಿನ ಪಹಣಿಯವರಿಗೆ ಎಕರೆಗೆ 21,000 ಬಂತು, ಉಳಿದವರಿಗೆ ಬೇಲಿ ಬಂತು. ಬಗರ್ ಹುಕುಂ ಸಾಗುವಳಿ ಮಾಡಿಕೊಂಡು ಇನ್ನೂ ಹಕ್ಕುಪತ್ರ ಸಿಗದವರಿಗೂ ಅಷ್ಟೇ. ಸೆಕ್ಯೂರಿಟಿ ಕೆಲಸ, ಪ್ಯಾನಲ್ ತೊಳೆಯುವ ಕೆಲಸ, ಹುಲ್ಲು ಕೊಯ್ಯುವ ಕೆಲಸ ಕೆಲವರಿಗೆ ಸಿಕ್ಕಿದೆ ನಿಜ, ಆದರೆ ಕಟ್ಟುವಾಗ ಬೇಕಾದಷ್ಟು ಜನ ಕಟ್ಟಿದ ಮೇಲೆ ಬೇಕಾಗುವುದಿಲ್ಲ.

ಇದು ಪರಿಸರವಾ, ಸಮಾಜವಾ ಅಂತ ಕೇಳಬೇಡಿ. ಕುರಿ ಮಂದೆ ಬರದಿದ್ದರೆ ಪಾರ್ಕ್‌ನ ಹೊರಗಿನ ಹೊಲಗಳಿಗೂ ಗೊಬ್ಬರ ಕಡಿಮೆ. ಮೇವಿನ ಜಾಗ ಕಮ್ಮಿಯಾದಾಗ ಅದೇ ಕುರಿಗಳು ಉಳಿದ ಗುಡ್ಡದ ಮೇಲೆ ಬೀಳುತ್ತವೆ, ಅಲ್ಲಿ ಹುಲ್ಲು ಬೋಳಾಗುತ್ತದೆ. ಅಂದರೆ ಪರಿಣಾಮ ಬೇಲಿಯ ಆಚೆಗೆ ನಡೆದುಕೊಂಡು ಹೋಗುತ್ತದೆ. ಬೇಲಿಯ ಒಳಗೆ ಮಾತ್ರ ಅಳೆದವರಿಗೆ ಅದು ಸಿಗುವುದೇ ಇಲ್ಲ.

ಹಾಗಾದರೆ ಸರಿಯಾಗಿ ಅಳೆಯುವುದು ಹೇಗೆ? ಮೊದಲನೆಯದು, ಯೋಜನೆ ಬರುವ ಮುಂಚೆ ಏನಿತ್ತು ಅನ್ನುವ ದಾಖಲೆ ಬೇಕು. ಕೇಳಲು ಸುಲಭ. ನಮ್ಮಲ್ಲಿ ಅನುಮತಿ ಬೇಕಿರುವ ಯೋಜನೆಗಳಿಗೂ ಸಾಮಾನ್ಯವಾಗಿ ಒಂದೇ ಋತುವಿನ ಮಾಹಿತಿ ಕೇಳುತ್ತಾರೆ, ಅದೂ ಮಳೆಗಾಲ ಬಿಟ್ಟು. ಗಾಳಿಯ ಧೂಳು ಅಳೆಯಲು ಅದು ಸರಿ, ಮಳೆಯಲ್ಲಿ ಧೂಳು ಎಲ್ಲಿ ಸಿಗುತ್ತದೆ. ಆದರೆ ಒಣ ಬಯಲು ಜೀವ ತಳೆಯುವುದೇ ಮಳೆಗಾಲದಲ್ಲಿ. ಮಾರ್ಚ್ ತಿಂಗಳಲ್ಲಿ ಬೋಳು ನೆಲ ಅಂತ ಬರೆದುಕೊಂಡು ಹೋದ ಜಾಗಕ್ಕೆ ಆಗಸ್ಟ್‌ನಲ್ಲಿ ಹೋದರೆ ಮೊಣಕಾಲುದ್ದ ಹುಲ್ಲು, ಹುಳ, ಕಪ್ಪೆ, ಗೂಡು. ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಹ್ಯಾರಿಯರ್ ಗಿಡುಗಗಳು ಬಂದು ರಾತ್ರಿ ಆ ಹುಲ್ಲಿನ ನೆಲದ ಮೇಲೆಯೇ ಮಲಗುತ್ತವೆ. ಇದನ್ನೆಲ್ಲ ನೋಡದೆ ವನ್ಯಜೀವಿ ಕಂಡುಬಂದಿಲ್ಲ ಅಂತ ಬರೆದರೆ ಆ ವಾಕ್ಯ ಸುಳ್ಳಲ್ಲ, ನೋಡಲು ಹೋದ ತಿಂಗಳು ಸರಿಯಿಲ್ಲ.

ಎರಡನೆಯದು, ಹೋಲಿಸಲು ಇನ್ನೊಂದು ಜಾಗ. ಪಾರ್ಕ್ ಬಂದ ಮೇಲೆ ಸೆಕೆ ಜಾಸ್ತಿಯಾಗಿದೆ ಅನ್ನುವ ದೂರು ದೊಡ್ಡ ಪಾರ್ಕ್‌ಗಳ ಸುತ್ತ ಕೇಳಿಬರುವಂಥದ್ದು. ಅದನ್ನು ಜನರ ಭ್ರಮೆ ಅಂತ ತಳ್ಳಿಹಾಕುವುದೂ ತಪ್ಪು, ಹಾಗೇ ನಂಬುವುದೂ ತಪ್ಪು. ಅಮೆರಿಕದ ಅರಿಜೋನಾದಲ್ಲಿ ಅಳೆದು ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸೋಲಾರ್ ಸ್ಥಾವರದೊಳಗೆ ರಾತ್ರಿ ಹೊತ್ತಿನ ಉಷ್ಣತೆ ಪಕ್ಕದ ಮರುಭೂಮಿಗಿಂತ 3ರಿಂದ 4 ಡಿಗ್ರಿ ಜಾಸ್ತಿ ಇತ್ತು. ಕಾರಣ ಊಹಿಸಬಹುದಾದದ್ದೇ. ಕಪ್ಪು ಪ್ಯಾನಲ್ ಬಿಸಿಲನ್ನು ಹೀರುತ್ತದೆ, ಅದರಲ್ಲಿ ಐದರಲ್ಲೊಂದು ಪಾಲು ಕರೆಂಟಾಗುತ್ತದೆ, ಉಳಿದದ್ದರಲ್ಲಿ ಬಹುಪಾಲು ಬಿಸಿಯೇ. ಗಿಡ, ಹುಲ್ಲು ಕೆರೆದು ಹಾಕಿದ್ದರಿಂದ ಎಲೆಗಳು ನೀರನ್ನು ಆವಿ ಮಾಡಿ ತಂಪು ಮಾಡುವ ಕೆಲಸವೂ ನಿಂತಿತು. ಆದರೆ ಸ್ಥಾವರದೊಳಗಿನ ಬಿಸಿ ಎಷ್ಟು ದೂರದ ಊರಿನವರೆಗೆ ಹೋಗುತ್ತದೆ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಬೇಕು ಅಂದರೆ ಪಾರ್ಕ್‌ನ ಒಳಗೆ, ಅಂಚಿನ ಊರಲ್ಲಿ, ದೂರದ ಅಂಥದೇ ಒಂದು ಊರಲ್ಲಿ, ಮೂರೂ ಕಡೆ ಪಾರ್ಕ್ ಬರುವ ಮೊದಲಿನಿಂದ ಥರ್ಮಾಮೀಟರ್ ಇಟ್ಟಿರಬೇಕು. ಇಲ್ಲದಿದ್ದರೆ ಆ ವರ್ಷದ ಬಿಸಿಲೇ ಜಾಸ್ತಿಯೋ, ಪ್ಯಾನಲ್‌ನಿಂದಲೋ ಅಂತ ಯಾರೂ ಹೇಳಲಾರರು. ಒಂದು ಥರ್ಮಾಮೀಟರ್‌ಗೆ ಎಷ್ಟು ಖರ್ಚು ಹೇಳಿ. ಸಾವಿರಾರು ಕೋಟಿಯ ಯೋಜನೆಯಲ್ಲಿ ಅದು ಚಿಲ್ಲರೆ ಕಾಸು. ಪಾರ್ಕ್ ಬಂದ ಮೇಲೆ ಮಾತ್ರ ಆ ಚಿಲ್ಲರೆ ಯಾರಿಂದಲೂ ಹೊಂದಿಸಲು ಆಗುವುದಿಲ್ಲ, ಹಿಂದಿನ ವರ್ಷದ ಉಷ್ಣತೆ ಅಂಗಡಿಯಲ್ಲಿ ಸಿಗುವುದಿಲ್ಲವಲ್ಲ.

ಹಕ್ಕಿಗಳ ಮಟ್ಟಿಗೆ ಪ್ಯಾನಲ್‌ಗಿಂತ ತಂತಿ ಅಪಾಯ. ರಾಜಸ್ಥಾನದ ಥಾರ್‌ನಲ್ಲಿ ಸೋಲಾರ್, ಗಾಳಿ ವಿದ್ಯುತ್ ಎರಡೂ ಬಂದ ಮೇಲೆ ಲೈನ್‌ಗಳ ಜಾಲ ಹಬ್ಬಿತು. ಅಲ್ಲಿ ಉಳಿದಿರುವ ಗ್ರೇಟ್ ಇಂಡಿಯನ್ ಬಸ್ಟರ್ಡ್, ನಮ್ಮ ಕಡೆ ಎರ್ಲಡ್ಡು ಅನ್ನುವ ಹಕ್ಕಿ, ತಂತಿಗೆ ಬಡಿದು ಸಾಯತೊಡಗಿತು. ಭಾರದ ಹಕ್ಕಿ, ತಕ್ಷಣ ತಿರುಗಲು ಆಗುವುದಿಲ್ಲ. ಕಣ್ಣು ಪಕ್ಕಕ್ಕೆ ಇರುವುದರಿಂದ ಮುಂದಿನ ತಂತಿ ಸರಿಯಾಗಿ ಕಾಣುವುದಿಲ್ಲ. ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಆ ಪ್ರದೇಶದ ಲೈನ್‌ಗಳನ್ನು ನೆಲದಡಿ ಹಾಕಿ ಅಂದಿತು. ಅಷ್ಟು ದೊಡ್ಡ ಜಾಗದಲ್ಲಿ ಅದು ಆಗದ ಕೆಲಸ ಅಂತ ಸರ್ಕಾರ ಹೋಗಿ ಹೇಳಿತು. 2024ರ ಮಾರ್ಚ್‌ನಲ್ಲಿ ಕೋರ್ಟ್ ಆದೇಶ ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು, ಹವಾಮಾನ ಬದಲಾವಣೆಯ ಕೆಡುಕಿನಿಂದ ರಕ್ಷಣೆ ಪಡೆಯುವುದೂ ಜನರ ಹಕ್ಕು ಅಂತ ಅದೇ ತೀರ್ಪಿನಲ್ಲಿ ಹೇಳಿತು. ನಮ್ಮ ಬಳ್ಳಾರಿಯ ಸಿರುಗುಪ್ಪದ ಹೊಲಗಳಲ್ಲೂ ಈ ಹಕ್ಕಿ ಕೈಬೆರಳೆಣಿಕೆಯಷ್ಟು ಇವೆ, ಅದಕ್ಕೇ ಈ ಗಲಾಟೆ ದೂರದ್ದು ಅಂತ ಸುಮ್ಮನಿರಲು ಆಗುವುದಿಲ್ಲ. ಜಾಗ ಗೊತ್ತು ಮಾಡುವ ಮೊದಲೇ ನಕ್ಷೆಯ ಮೇಲೆ ಹಕ್ಕಿಯ ಜಾಗವನ್ನೂ ಲೈನಿನ ದಾರಿಯನ್ನೂ ಒಟ್ಟಿಗೆ ಇಟ್ಟು ನೋಡಿದ್ದರೆ ಕೋರ್ಟ್ ಕಟಕಟೆಯವರೆಗೆ ಇದು ಹೋಗಬೇಕಿರಲಿಲ್ಲ ಅಂತ ನನಗನ್ನಿಸುತ್ತದೆ.

ಲೈನ್ ವಿಷಯ ಬಂದಾಗ ಇನ್ನೊಂದು ಚಾಳಿಯನ್ನೂ ಹೇಳಬೇಕು. ಪಾರ್ಕ್ ಒಂದು ಯೋಜನೆ, ಸಬ್‌ಸ್ಟೇಷನ್ ಇನ್ನೊಂದು, ಅಲ್ಲಿಂದ ಹೊರಡುವ ಹೈಟೆನ್ಷನ್ ಲೈನ್ ಮತ್ತೊಂದು, ರಸ್ತೆ ಮಗದೊಂದು. ಪಾರ್ಕ್‌ನೊಳಗೂ ಬೇರೆ ಬೇರೆ ಕಂಪನಿಗಳು 50 ಮೆಗಾವ್ಯಾಟ್‌ನ ತುಂಡು ತುಂಡಾಗಿ ಜಾಗ ಪಡೆಯುತ್ತವೆ. ಒಂದೊಂದರ ಪರಿಣಾಮ ಬೇರೆ ಬೇರೆ ಬರೆದರೆ ಪ್ರತಿ ಪುಟದ ಕೊನೆಯಲ್ಲೂ ಅಲ್ಪ ಅಂತಲೇ ಬರುತ್ತದೆ. ಹತ್ತಾರು ಅಲ್ಪಗಳನ್ನು ಕೂಡಿಸಿದ ಪುಟ ಯಾರ ಕಡತದಲ್ಲೂ ಇರುವುದಿಲ್ಲ.

ಮಣ್ಣು, ಹಳ್ಳದ ಕಥೆಯೂ ಹೀಗೇ. ಪ್ಯಾನಲ್ ಸಾಲಾಗಿ ನಿಲ್ಲಿಸಲು ನೆಲ ಸಮ ಮಾಡುತ್ತಾರೆ, ಬುಲ್ಡೋಜರ್ ಓಡಾಡಿದ ಕಡೆ ಮೇಲ್ಮಣ್ಣು ಹೋಗುತ್ತದೆ, ಒಡ್ಡು, ಬದು, ಸಣ್ಣ ಕೊರಕಲು ಮುಚ್ಚುತ್ತಾರೆ. ನೆರಳು ಬೀಳುತ್ತದೆ ಅಂತ ಮರ ತೆಗೆಯುತ್ತಾರೆ. ಬಯಲುಸೀಮೆಯಲ್ಲಿ ವರ್ಷದ ಮಳೆಯಲ್ಲಿ ಅರ್ಧ ನಾಲ್ಕೈದು ಜೋರು ಮಳೆಯಲ್ಲೇ ಬಂದುಬಿಡುವುದುಂಟು. ಅಂಥ ಒಂದು ಮಳೆಗೆ ಬೋಳು ನೆಲದ ನೀರು ಕೆಂಪಗೆ ಹರಿದು ಕೆಳಗಿನ ಕೆರೆಗೆ ಹೂಳು ತುಂಬುತ್ತದೆ, ಇಲ್ಲವೇ ಹಳ್ಳ ಮುಚ್ಚಿದ್ದರಿಂದ ನೀರು ಕೆರೆಗೆ ಹೋಗದೆ ಯಾರದೋ ಹೊಲಕ್ಕೆ ನುಗ್ಗುತ್ತದೆ. ಇದನ್ನು ತಪ್ಪಿಸುವುದು ಕಷ್ಟವೇನಲ್ಲ. ನೆಲ ಇದ್ದ ಹಾಗೇ ಬಿಟ್ಟು ಕಂಬದ ಎತ್ತರ ಹೊಂದಿಸಬಹುದು, ಹಳ್ಳದ ಎರಡೂ ಬದಿ ಜಾಗ ಬಿಡಬಹುದು, ಹುಲ್ಲನ್ನು ಕೆರೆಯದೆ ಕುರಿ ಬಿಟ್ಟು ಮೇಯಿಸಬಹುದು. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಪ್ಯಾನಲ್ ಕೆಳಗೆ ಕುರಿ ಮೇಯಿಸುವುದು ಈಗ ಮಾಮೂಲಿ ವ್ಯವಹಾರ. ಕುರಿಯವರೇ ಇರುವ ನಮ್ಮ ಸೀಮೆಯಲ್ಲಿ ಹುಲ್ಲು ಕೊಯ್ಯಲು ಕೂಲಿ ಕೊಟ್ಟು, ಕುರಿ ಬಂದರೆ ಓಡಿಸಲು ಗಾರ್ಡ್‌ಗೆ ಸಂಬಳ ಕೊಡುವುದು ಯಾವ ಜಾಣತನವೋ!

ಕೊನೆಗೆ ಕಸ. 62 ಲಕ್ಷ ಪ್ಯಾನಲ್, ಒಂದೊಂದು 20 ಕೆಜಿ ಅಂತ ಹಿಡಿದರೂ 1.2 ಲಕ್ಷ ಟನ್. ಅದರಲ್ಲಿ ಮುಕ್ಕಾಲು ಪಾಲು ಗಾಜು, ಮೇಲೆ ಅಲ್ಯೂಮಿನಿಯಂ ಚೌಕಟ್ಟು, ನಡುವೆ ಪ್ಲಾಸ್ಟಿಕ್ ಪದರ, ಸಿಲಿಕಾನ್, ಚೂರು ಬೆಳ್ಳಿ, ಬೆಸುಗೆಯಲ್ಲಿ ಚೂರು ಸೀಸ. ಚೌಕಟ್ಟನ್ನು ಗುಜರಿಯವರು ಖುಷಿಯಿಂದ ಒಯ್ಯುತ್ತಾರೆ. ಗಾಜು, ಪ್ಲಾಸ್ಟಿಕ್ ಅಂಟಿಕೊಂಡಿರುವ ಉಳಿದ ಭಾಗವನ್ನು ಬಿಡಿಸುವುದೇ ಕಷ್ಟ, ಬಿಡಿಸಿದರೂ ಕಾಸು ಹುಟ್ಟುವುದಿಲ್ಲ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಹೊಸ ಇ-ತ್ಯಾಜ್ಯ ನಿಯಮಗಳಲ್ಲಿ ಪ್ಯಾನಲ್ ಸೇರಿಸಿದ್ದಾರೆ. ಸದ್ಯಕ್ಕೆ ಅದು ಹೇಳುವುದು 2034-35ರವರೆಗೆ ಹಳೇ ಪ್ಯಾನಲ್‌ಗಳನ್ನು ಜೋಪಾನವಾಗಿ ಕೂಡಿಡಿ, ಲೆಕ್ಕ ಕೊಡಿ ಅಂತ. ಆಲಿಕಲ್ಲು, ಬಿರುಗಾಳಿಗೆ ಒಡೆದದ್ದು, ಬೇಗ ಹಾಳಾದದ್ದು ಈಗಲೇ ಬರುತ್ತಿರುತ್ತದೆ, ಅದು ಎಲ್ಲಿ ಕೂತಿದೆ ಅನ್ನುವುದನ್ನು ಯಾರಾದರೂ ಹೋಗಿ ನೋಡುತ್ತಿರಬೇಕು.

ಇಷ್ಟೆಲ್ಲ ಓದಿ ಸೋಲಾರ್ ಬೇಡ ಅನ್ನುವ ತೀರ್ಮಾನಕ್ಕೆ ಬಂದರೆ ನಾನು ಹೇಳಿದ್ದು ತಲುಪಿಲ್ಲ ಅಂತ ಅರ್ಥ. ಮೇಲೆ ಹೇಳಿದ ತೊಂದರೆಗಳಲ್ಲಿ ಬಹುಪಾಲು ಪ್ಯಾನಲ್‌ನಿಂದ ಬಂದದ್ದಲ್ಲ, ಜಾಗ ಆರಿಸಿದ ರೀತಿಯಿಂದ ಬಂದದ್ದು. ಪರಿಣಾಮ ಅಂದಾಜು ಮಾಡುವವರಲ್ಲಿ ಒಂದು ಕ್ರಮ ಇದೆ: ಮೊದಲು ತಪ್ಪಿಸು, ತಪ್ಪಿಸಲಾಗದ್ದನ್ನು ಕಡಿಮೆ ಮಾಡು, ಆಮೇಲೆ ಸರಿಪಡಿಸು, ಅದೂ ಆಗದಿದ್ದರೆ ಪರಿಹಾರ ಕೊಡು. ನಮ್ಮಲ್ಲಿ ಕೊನೆಯದರಿಂದ ಶುರು ಮಾಡುತ್ತಾರೆ. ಗಿಡ ನೆಡುತ್ತೇವೆ, ಶಾಲೆಗೆ ಬಣ್ಣ ಹೊಡೆಸುತ್ತೇವೆ. ತಪ್ಪಿಸುವ ಅವಕಾಶ ಇರುವುದು ಜಾಗ ಗೊತ್ತಾಗುವ ಮೊದಲು ಮಾತ್ರ. ತೆಲಂಗಾಣದ ರಾಮಗುಂಡಂನಲ್ಲಿ ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿ ಎನ್‌ಟಿಪಿಸಿಯವರು ತಮ್ಮದೇ ಜಲಾಶಯದ ಮೇಲೆ 100 ಮೆಗಾವ್ಯಾಟ್‌ನ ತೇಲುವ ಸೋಲಾರ್ ಹಾಕಿದ್ದಾರೆ. ಗುಜರಾತಿನವರು 2012ರಲ್ಲೇ ನರ್ಮದಾ ಕಾಲುವೆಯ ಮೇಲೆ ಹಾಕಿ ತೋರಿಸಿದರು. ಗೋದಾಮು, ಕಾರ್ಖಾನೆ, ಸರ್ಕಾರಿ ಕಟ್ಟಡದ ಚಾವಣಿಗಳಿವೆ. ಇವುಗಳಿಂದಲೇ ಎಲ್ಲ ಬೇಡಿಕೆ ಪೂರೈಸುತ್ತದೆ ಅಂತ ನಂಬುವವನು ನಾನಲ್ಲ, ಚಾವಣಿ ದುಬಾರಿ, ಚೂರು ಚೂರು. ದೊಡ್ಡ ಪಾರ್ಕ್‌ಗಳು ಬೇಕಾಗುತ್ತವೆ. ಬೇಕಾಗುತ್ತವೆ ಅನ್ನುವುದಕ್ಕೇ ಎಲ್ಲಿ ಅನ್ನುವ ಪ್ರಶ್ನೆಗೆ ಇಷ್ಟು ಬೆಲೆ.

ಕಾನೂನು ಸದ್ಯಕ್ಕೆ ಒತ್ತಾಯ ಮಾಡುವುದಿಲ್ಲ. ವಿದೇಶಿ ಬ್ಯಾಂಕ್ ಸಾಲ ಕೊಡುವುದಾದರೆ ತನ್ನ ನಿಯಮಕ್ಕಾಗಿ ಒಂದು ಪರಿಸರ ಮತ್ತು ಸಾಮಾಜಿಕ ಅಂದಾಜು ವರದಿ ಮಾಡಿಸುತ್ತದೆ. ಅಂಥ ವರದಿ ಇದೆಯಾ ಅಂತ ಕೇಳಿ, ಇದ್ದರೆ ಕನ್ನಡದಲ್ಲಿ ಕೊಡಿ ಅಂತ ಕೇಳಿ. ನಿಮ್ಮ ಊರಿಗೆ ಸರ್ವೆಯವರು ಬಂದಾಗ ಎಕರೆಗೆ ಎಷ್ಟು ಅನ್ನುವುದರ ಜೊತೆ ಇನ್ನೂ ನಾಲ್ಕು ಮಾತು ಕೇಳಬೇಕು. ಮಳೆಗಾಲದಲ್ಲಿ ಯಾರು ಬಂದು ನೋಡಿದ್ದರು? ಈಗಿನ ಬೋರ್‌ವೆಲ್‌ಗಳ ನೀರಿನ ಮಟ್ಟ ಬರೆದುಕೊಂಡಿದ್ದೀರಾ, ಅದರ ಒಂದು ಪ್ರತಿ ಪಂಚಾಯಿತಿಯಲ್ಲಿ ಇರುತ್ತದಾ? ಯಾವ ಹಳ್ಳ ಉಳಿಯುತ್ತದೆ, ಕುರಿ ಗುಡ್ಡಕ್ಕೆ ಹೋಗುವ ದಾರಿ ಬೇಲಿಯಲ್ಲಿ ಎಲ್ಲಿದೆ? ಕರೆಂಟಿನ ಲೈನ್ ಯಾರ ಹೊಲದ ಮೇಲೆ ಹೋಗುತ್ತದೆ? ಆಮೇಲೆ ಗುತ್ತಿಗೆ ಕರಾರಿನ ಕೊನೆಯ ಪುಟಗಳನ್ನು ವಕೀಲರ ಹತ್ತಿರ ಓದಿಸಿಕೊಳ್ಳಿ. ಗುತ್ತಿಗೆ ಮುಗಿದ ಮೇಲೆ ಪ್ಯಾನಲ್ ಒಯ್ಯುವ, ನೆಲದಲ್ಲಿ ಹೂತ ಕಾಂಕ್ರೀಟ್ ಕೀಳುವ, ಹೊಲವನ್ನು ಮತ್ತೆ ಉಳುವ ಹಾಗೆ ಮಾಡಿಕೊಡುವ ಖರ್ಚು ಯಾರದು ಅಂತ ಅಲ್ಲಿ ಬರೆದಿರಬೇಕು, ಅದಕ್ಕಾಗಿ ಈಗಲೇ ಎಲ್ಲಿ ಹಣ ಇಟ್ಟಿದ್ದಾರೆ ಅನ್ನುವುದೂ ಬರೆದಿರಬೇಕು. ಸೋಲಾರ್ ಕಂಪನಿಗಳು ಕೈ ಬದಲಾಯಿಸುತ್ತಲೇ ಇರುತ್ತವೆ, 28 ವರ್ಷ ಆಗುವ ಹೊತ್ತಿಗೆ ಇವತ್ತು ಸಹಿ ಹಾಕಿದ ಕಂಪನಿ ಎರಡು ಮೂರು ಸಲ ಮಾರಾಟವಾಗಿರಬಹುದು.